ದಕ್ಷಿಣ ಭಾರತಕ್ಕೆ ಭೂಕಾಂತ ಕ್ಷೇತ್ರದ ಪ್ರಾದೇಶಿಕ ಮಾದರಿ: ಕೇಂದ್ರಗಳಲ್ಲಿ ಫಿಟ್ ಸರಿ, ಸಮುದ್ರದ ಮೇಲೆ ±2000 ನ್ಯಾನೋಟೆಸ್ಲಾ

ಕಾಂತಮುಳ್ಳು

ಎಲ್ಲರಿಗೂ ನಮಸ್ಕಾರ. 20 ಡಿಗ್ರಿ ಅಕ್ಷಾಂಶದಿಂದ ಕೆಳಗಿನ ಪರ್ಯಾಯ ದ್ವೀಪಕ್ಕೆ 2020.0ರ (2020ರ ಜನವರಿ ಆರಂಭದ) ಡಿಕ್ಲಿನೇಶನ್ ನಕ್ಷೆ ಬೇಕು, ಅಂದರೆ ದಿಕ್ಸೂಚಿ ನಿಜವಾದ ಉತ್ತರದಿಂದ ಎಷ್ಟು ಓರೆ ತೋರಿಸುತ್ತೆ ಅನ್ನೋದು. ಜೊತೆಗೆ ಹೊರಪದರದ (ಬಂಡೆಗಳ) ಕಾಂತಕ್ಷೇತ್ರದ ನಕ್ಷೆಯನ್ನೂ ಅದೇ ಮಾದರಿಯಿಂದ ತೆಗೆಯಬೇಕು ಅಂತಿದೆ.

ಕೈಲಿರೋದು, ಆಗಾಗ ಅದೇ ಕಂಬಕ್ಕೆ ಹೋಗಿ ಅಳೆಯೋ 42 ರಿಪೀಟ್ ಸ್ಟೇಷನ್‌ಗಳ ಅಳತೆ. ಡಿಐ-ಫ್ಲಕ್ಸ್ ಥಿಯೋಡೊಲೈಟ್‌ನಿಂದ ಡಿಕ್ಲಿನೇಶನ್, ಇನ್‌ಕ್ಲಿನೇಶನ್ (ಕ್ಷೇತ್ರ ಅಡ್ಡಮಟ್ಟದಿಂದ ಎಷ್ಟು ಕೆಳಗೆ ಬಾಗಿದೆ). ಪ್ರೋಟಾನ್ ಮ್ಯಾಗ್ನೆಟೋಮೀಟರ್‌ನಿಂದ ಒಟ್ಟು ಕ್ಷೇತ್ರ. ಮೂರನ್ನೂ ಉತ್ತರದ ಎಕ್ಸ್, ಪೂರ್ವದ ವೈ, ಕೆಳಮುಖದ ಝಡ್‌ಗೆ ಬದಲಾಯಿಸಿದರೆ 126 ಸಂಖ್ಯೆ. ಅದರಿಂದ ಮುಖ್ಯ ಕ್ಷೇತ್ರದ ಜಾಗತಿಕ ಮಾದರಿಯಾದ, 13ನೇ ಡಿಗ್ರಿವರೆಗಿನ (ಇದು ಕೋನವಲ್ಲ, ಸರಣಿಯ ಸೂಕ್ಷ್ಮತೆಯ ಎಣಿಕೆ) ಐಜಿಆರ್‌ಎಫ್ ಕಳೆದು, ಉಳಿಕೆಗೆ ಸ್ಫೆರಿಕಲ್ ಕ್ಯಾಪ್ ಹಾರ್ಮೋನಿಕ್ (ಗೋಳದ ಟೋಪಿಯಾಕಾರದ ತುಂಡಿಗೆ ಮಾತ್ರ ಹೊಂದಿಸೋ ಅಲೆಗಳ ಸರಣಿ) ಹಾಕಿದ್ದೇನೆ. ಕ್ಯಾಪಿನ ಕೇಂದ್ರ 14 ಉತ್ತರ, 77 ಪೂರ್ವ; ಅರ್ಧಕೋನ 6 ಡಿಗ್ರಿ; ಸರಣಿಯ ಉದ್ದ ಕೆ = 10, ಅಂದರೆ 121 ಗುಣಾಂಕ. ಕೋಡ್ ಪೈಥಾನ್, ಅದರ ಸೈಪೈ ಲೈಬ್ರರಿಯಲ್ಲಿ.

ಕೇಂದ್ರಗಳಲ್ಲಿ ಆರ್‌ಎಂಎಸ್ (ಅಳತೆಗೂ ಮಾದರಿಗೂ ಸರಾಸರಿ ವ್ಯತ್ಯಾಸ) 12 ನ್ಯಾನೋಟೆಸ್ಲಾ, ಅಂದರೆ ಚೆನ್ನಾಗಿದೆ. ಆದರೆ ಗ್ರಿಡ್ ಬಿಡಿಸಿದರೆ ಅರಬ್ಬೀ ಸಮುದ್ರದ ಮೇಲೆ +2000, ಬಂಗಾಳ ಕೊಲ್ಲಿ ಕಡೆ −1800. ಮ್ಯಾಟ್ರಿಕ್ಸಿನ ಕಂಡಿಷನ್ ನಂಬರ್ 10ರ 8ನೇ ಘಾತ, ಅಂದರೆ ಸಣ್ಣ ದೋಷವೂ ಉತ್ತರದಲ್ಲಿ ಹಿಗ್ಗಬಹುದು. ಇನ್ನೊಂದು ವಿಚಿತ್ರ: ಫಿಟ್ ಮಾಡೋಕೆ ಮೊದಲೇ ಝಡ್ ಉಳಿಕೆಯಲ್ಲಿ ಒಂದು ಋಣ ಪಕ್ಷಪಾತ ಇದೆ. ತಮಿಳುನಾಡಿನ ತುದೀಲಿ ಸರಾಸರಿ −40ರ ಹತ್ತಿರ, ಉತ್ತರದ ಅಂಚಿಗೆ −80. ಇದು ಹೊರಪದರದ ಟ್ರೆಂಡ್ ಅಂತ ಬಿಡಲೇ? ಕ್ಯಾಪ್ ಚಿಕ್ಕದಾಯ್ತೇ, ಇಲ್ಲ ಕೋಡಿನಲ್ಲೇ ತಪ್ಪಿದೆಯೇ?

ಗೋಳಪಟ್ಟಿ

ಸಮುದ್ರದ ಕತೆಗೆ ಬೇರೆಯವರು ಬರ್ತಾರೆ, ನಾನು ಝಡ್ ಹಿಡ್ಕೋತೀನಿ. ಅದು ಬಂಡೆಯ ಕೆಲಸ ಅಲ್ಲ, ಅಕ್ಷಾಂಶದ ಕೆಲಸ.

ಥಿಯೋಡೊಲೈಟನ್ನು ನೀವು ಮಟ್ಟ ಮಾಡೋದು ತೂಗುಗುಂಡಿನ ದಿಕ್ಕಿಗೆ, ಅಂದರೆ ಎಲಿಪ್ಸಾಯ್ಡಿಗೆ (ಧ್ರುವದಲ್ಲಿ ಚಪ್ಪಟೆಯಾದ ಭೂಮಿಯ ಆಕಾರಕ್ಕೆ) ಲಂಬವಾಗಿ. ಗೋಳದ ಹಾರ್ಮೋನಿಕ್ ಕೊಡೋ ಝಡ್ ಮಾತ್ರ ಭೂಮಿಯ ಕೇಂದ್ರದ ಕಡೆಗೆ. ಎರಡರ ನಡುವಿನ ಕೋನ ಸುಮಾರು 11.5 ಮಿನಿಟ್ × ಸೈನ್(2 × ಅಕ್ಷಾಂಶ). 14 ಡಿಗ್ರಿಯಲ್ಲಿ 5.4 ಮಿನಿಟ್. ಬೇರೆ ದೇಶದಲ್ಲಿ ಇದು ಸಣ್ಣದಾಗಿ ಕಾಣಬಹುದು, ನಮ್ಮಲ್ಲಿ ಎಕ್ಸ್ 40,000 ನ್ಯಾನೋಟೆಸ್ಲಾ ಹತ್ತಿರ ಇರೋದರಿಂದ 5.4 ಮಿನಿಟ್ ಓರೆಯಾದರೂ ಝಡ್‌ಗೆ 63 ನ್ಯಾನೋಟೆಸ್ಲಾ ಸೋರುತ್ತೆ. 8 ಡಿಗ್ರಿಯಲ್ಲಿ 37, 19 ಡಿಗ್ರಿಯಲ್ಲಿ 80. ನಿಮ್ಮ ಟ್ರೆಂಡ್ ಅಕ್ಷರಶಃ ಇದೇ.

ಸರಿ ಮಾಡೋದು ಸುಲಭ. ಅಳತೆಯನ್ನೇ ಭೂಕೇಂದ್ರೀಯ ಚೌಕಟ್ಟಿಗೆ ತಿರುಗಿಸಿ. ಆ ಕೋನ ಡೆಲ್ಟಾ ಆದರೆ, ಹೊಸ ಎಕ್ಸ್ = ಎಕ್ಸ್ × ಕೊಸೈನ್ ಡೆಲ್ಟಾ − ಝಡ್ × ಸೈನ್ ಡೆಲ್ಟಾ; ಹೊಸ ಝಡ್ = ಝಡ್ × ಕೊಸೈನ್ ಡೆಲ್ಟಾ + ಎಕ್ಸ್ × ಸೈನ್ ಡೆಲ್ಟಾ. ವೈ ಹಾಗೇ ಇರುತ್ತೆ. ಐಜಿಆರ್‌ಎಫ್‌ನ ಫೋರ್ಟ್ರಾನ್ ಕೋಡಿನಲ್ಲಿ ಐಟೈಪ್ 1 ಅಂದರೆ ಜಿಯೋಡೆಟಿಕ್ (ಎಲಿಪ್ಸಾಯ್ಡಿನ ಚೌಕಟ್ಟು), 2 ಅಂದರೆ ಜಿಯೋಸೆಂಟ್ರಿಕ್ (ಭೂಕೇಂದ್ರೀಯ). ನೀವು 2 ಕೊಟ್ಟು, ಅದನ್ನು ಜಿಯೋಡೆಟಿಕ್ ಅಳತೆಯಿಂದ ಕಳೆದಿರೋ ಹಾಗಿದೆ. ಕೇಯಾಸ್‌ಮ್ಯಾಗ್‌ಪೈ ಬಳಸಿದರೂ ಇದೇ ಗುಂಡಿ ಕಾದಿರುತ್ತೆ, ಕೇಯಾಸ್ ಮಾದರಿಯ ಆ ಪೈಥಾನ್ ಪ್ಯಾಕೇಜ್ ಕೊಡೋ ಮೂರು ಘಟಕಗಳೂ ಭೂಕೇಂದ್ರೀಯ.

ಹಾಗೇ ತ್ರಿಜ್ಯವನ್ನೂ ನೋಡಿಬಿಡಿ. ಬೆಂಗಳೂರಿನ ಎತ್ತರ 920 ಮೀಟರ್ ಅಂತ 6371.2ಕ್ಕೆ 0.92 ಕೂಡಿಸಿದರೆ ಕೆಟ್ಟಿತು. ಆ ಅಕ್ಷಾಂಶದಲ್ಲಿ ಎಲಿಪ್ಸಾಯ್ಡಿನ ತ್ರಿಜ್ಯವೇ 6377 ಕಿ.ಮೀ. ಹತ್ತಿರ ಇದೆ, ಆಮೇಲೆ ಎತ್ತರ. ಮುಖ್ಯ ಕ್ಷೇತ್ರ ಇಲ್ಲಿ ಕಿಲೋಮೀಟರಿಗೆ ಸುಮಾರು 19 ನ್ಯಾನೋಟೆಸ್ಲಾ ಇಳಿಯುತ್ತೆ. ಹತ್ತಿರಹತ್ತಿರ 6 ಕಿ.ಮೀ. ತಪ್ಪಿದರೆ ಎಕ್ಸ್‌ನಲ್ಲಿ ನೂರು ಹೋಯ್ತು. 6371.2 ಬರೀ ಗುಣಾಂಕಗಳ ಉಲ್ಲೇಖ ತ್ರಿಜ್ಯ, ನೆಲದ ಮಟ್ಟ ಅಲ್ಲ.

ಇನ್ನೊಂದು ಕಡೆ ಜನ ಎಡವೋದು ಕ್ಯಾಪಿನ ಧ್ರುವಕ್ಕೆ ತಿರುಗಿಸುವಾಗ. ಸ್ಥಾನ ತಿರುಗಿಸ್ತಾರೆ, ಘಟಕ ತಿರುಗಿಸೋದು ಮರೀತಾರೆ. ಕ್ಯಾಪಿನ ಚೌಕಟ್ಟಿನಲ್ಲಿ ‘ಉತ್ತರ’ ಅಂದರೆ 14 ಉತ್ತರ, 77 ಪೂರ್ವದ ಕಡೆಗೆ. ತಿರುನೆಲ್ವೇಲಿಗೆ ಅದು ಹೆಚ್ಚುಕಡಿಮೆ ನಿಜವಾದ ಉತ್ತರವೇ, ಹೈದರಾಬಾದಿಗೆ ದಕ್ಷಿಣ! ಝಡ್ ಚೆನ್ನಾಗಿ ಕೂತು, ಎಕ್ಸ್ ವೈ ಕೂರದಿದ್ದರೆ ಇದೇ ರೋಗ. ನಿಮ್ಮದು ಹಾಗೆ ಕಾಣ್ತಿಲ್ಲ.

ಸೈಪೈನ ಎಲ್‌ಪಿಎಂವಿ (ಸರಣಿಗೆ ಬೇಕಾದ ಲೆಜೆಂಡ್ರ್ ಫಂಕ್ಷನ್) ಪೂರ್ಣಾಂಕವಲ್ಲದ ಡಿಗ್ರಿ ತಗೊಳ್ಳುತ್ತೆ, ಅದಕ್ಕೆ ತೊಂದರೆಯಿಲ್ಲ. ಆದರೆ ಕಾಂಡನ್–ಶಾರ್ಟ್ಲಿ ಚಿಹ್ನೆ (ಎಂ, ಅಂದರೆ ರೇಖಾಂಶದ ಅಲೆಯೆಣಿಕೆ, ಬೆಸವಾದರೆ ಋಣ) ಸೇರಿಸಿಯೇ ಕೊಡುತ್ತೆ. ಡೆರಿವೇಟಿವ್‌ಗೆ ನೀವು ಬೇರೆ ಕಡೆಯ ಸೂತ್ರ ಎತ್ತಿಕೊಂಡಿದ್ದು, ಅದರಲ್ಲಿ ಆ ಚಿಹ್ನೆ ಇಲ್ಲದಿದ್ದರೆ ಬೆಸ ಎಂ ಪದಗಳೆಲ್ಲ ಅಡ್ಡಾದಿಡ್ಡಿ. ಅಂಚಿನ ಷರತ್ತಿಗೆ ಹೊಂದೋ ಡಿಗ್ರಿ, ಅಂದರೆ ಎನ್, ಅದರ ಬೇರು ಹುಡುಕುವಾಗ ಒಂದು ಬೇರು ತಪ್ಪಿಹೋದರೂ ಅದರ ಮುಂದಿನ ಕೆ ಎಲ್ಲ ಒಂದೊಂದು ಜಾಗ ಸರಿದುಬಿಡುತ್ತೆ. ತಾಳೆ ನೋಡೋಕೆ: 6 ಡಿಗ್ರಿ ಕ್ಯಾಪಿಗೆ ಕೆ=1, ಎಂ=1ರ ಎನ್ 17.1; ಕೆ=1, ಎಂ=0ಕ್ಕೆ 22.5; ಕೆ=2, ಎಂ=0ಕ್ಕೆ 36.1. 8 ಡಿಗ್ರಿ ಕ್ಯಾಪಾದರೆ ಕ್ರಮವಾಗಿ 12.7, 16.7, 26.9.

ಡೈಕ್ ಸಾಲು

126 ಸಂಖ್ಯೆಗೆ 121 ಗುಣಾಂಕ. ಕೈಲಿ ಉಳಿದದ್ದು ಐದು! ಆರ್‌ಎಂಎಸ್ 12 ಬಂದದ್ದು ಖುಷಿಪಡೋ ವಿಷಯ ಅಲ್ಲ ಸರ್, ಅದೇ ಕಾಯಿಲೆಯ ಲಕ್ಷಣ.

ಸಿಗ್ಮಾ (ಪ್ರತಿ ಅಳತೆಯ ಅಂದಾಜು ದೋಷ) ಎಷ್ಟು ಕೊಟ್ಟಿರಿ ಅಂತ ಹೇಳಿಲ್ಲ. ಸಾಮಾನ್ಯವಾಗಿ ಉಪಕರಣದ ನಿಖರತೆ, 3–5 ನ್ಯಾನೋಟೆಸ್ಲಾ, ಅಂತ ಬರೆದುಬಿಡ್ತಾರೆ. ಪ್ರಾದೇಶಿಕ ಮಾದರಿಗೆ ಅದು ದೋಷವೇ ಅಲ್ಲ. ನಿಜವಾದ ದೋಷ ಕೇಂದ್ರದ ಕೆಳಗಿರೋ ಬಂಡೆ. ಧಾರವಾಡ ಕ್ರೇಟನ್ (ಕರ್ನಾಟಕದ ಪ್ರಾಚೀನ ಶಿಲಾಭಾಗ) ಮೇಲೆ 20–30 ಕಿ.ಮೀ. ಅಲೆಯುದ್ದದಲ್ಲಿ ನೂರು ನ್ಯಾನೋಟೆಸ್ಲಾ ಏರಿಳಿತ ಸಹಜ. ಸಂಡೂರು, ಬಾಬಾಬುಡನ್, ಕುದುರೆಮುಖದ ಕಬ್ಬಿಣದ ಪಟ್ಟಿಗಳ ಹತ್ತಿರ ಸಾವಿರಾರು. ನಿಮ್ಮ ಕೇಂದ್ರಗಳ ನಡುವಿನ ಅಂತರ ಸರಾಸರಿ 140 ಕಿ.ಮೀ. ಇರಬೇಕು. 280 ಕಿ.ಮೀ.ಗಿಂತ ಸಣ್ಣ ಅಲೆ ಯಾವುದೂ ಈ ಜಾಲದಲ್ಲಿ ಸಿಗಲ್ಲ, ಸಿಗದೆ ಸುಮ್ಮನೂ ಇರಲ್ಲ: ಉದ್ದ ಅಲೆಯ ವೇಷ ಹಾಕ್ಕೊಂಡು ಗುಣಾಂಕದೊಳಗೆ ಕೂರುತ್ತೆ. ಅದಕ್ಕೇ ಸಿಗ್ಮಾ ಕನಿಷ್ಠ 50, ಗ್ರೀನ್‌ಸ್ಟೋನ್ (ಹಳೇ ಜ್ವಾಲಾಮುಖಿ ಶಿಲೆಯ) ಪಟ್ಟಿಗಳ ಮೇಲೆ 100 ಅಥವಾ ಹೆಚ್ಚು ಇಡಿ. ಜೊತೆಗೆ ಹ್ಯೂಬರ್ ತೂಕ, ಅಂದರೆ ತುಂಬ ತಪ್ಪಿದ ಅಳತೆಗೆ ಕಡಿಮೆ ಬೆಲೆ. ಆಗ ಒಂದು ಕೆಟ್ಟ ಕೇಂದ್ರ ಇಡೀ ನಕ್ಷೆಯನ್ನು ಎಳೆಯಲ್ಲ.

ಈಗ ಸಮುದ್ರ. 14 ಡಿಗ್ರಿ ಅಕ್ಷಾಂಶದಲ್ಲಿ ಗೋಕರ್ಣದ ಆಸುಪಾಸಿನಿಂದ ನೆಲ್ಲೂರಿನ ಕರಾವಳಿವರೆಗೆ ನೆಲ ಇರೋದು ಆರು ಡಿಗ್ರಿಗೂ ಕಡಿಮೆ, ಕ್ಯಾಪಿನ ಅಗಲ ಹನ್ನೆರಡು. ಕೆಳಗೆ ಹೋದಂತೆ ನೆಲ ಇನ್ನೂ ಕಿರಿದು. ಕ್ಯಾಪಿನ ಅರ್ಧದಷ್ಟು ಜಾಗದಲ್ಲಿ ಒಂದೇ ಒಂದು ಅಳತೆ ಇಲ್ಲ, ಅಲ್ಲಿ ಗುಣಾಂಕಗಳು ಮನಸ್ಸಿಗೆ ಬಂದ ಹಾಗೆ ಕುಣೀತಾವೆ. 1985ರಲ್ಲಿ ಜಿ. ವಿ. ಹೇನ್ಸ್ ಈ ವಿಧಾನ ತಂದದ್ದು ಕೆನಡಾದಲ್ಲಿ. ಅಂಥ ಅಗಲದ ನೆಲದ ಮೇಲೆ ದುಂಡನೆ ಕ್ಯಾಪ್ ಕೂರುತ್ತೆ. ನಮ್ಮದು ತ್ರಿಕೋನ.

ಹಾಗಾಗಿ ಅರ್ಧಕೋನ 8 ಡಿಗ್ರಿ ಮಾಡಿ. ಅಂಚಿನ ಷರತ್ತಿನ ಗಲಾಟೆ ನಿಮ್ಮ ನೆಲದಿಂದ ಒಂದೆರಡು ಡಿಗ್ರಿ ಆಚೆ ಹೋಗುತ್ತೆ. ಕೆ ಎಷ್ಟಿರಬೇಕು ಅಂತ ನೋಡೋಕೆ ಎನ್ ≈ (90 ÷ ಅರ್ಧಕೋನ) × (ಕೆ + 0.5) − 0.5, ಅಲೆಯುದ್ದ 360 ÷ ಎನ್ ಡಿಗ್ರಿ. 8 ಡಿಗ್ರಿ, ಕೆ=5 ಅಂದರೆ ಎನ್ 61, ಅಲೆಯುದ್ದ ಸುಮಾರು 650 ಕಿ.ಮೀ., 36 ಗುಣಾಂಕ. ಕೆ=6ಕ್ಕೆ 550 ಕಿ.ಮೀ., 49 ಗುಣಾಂಕ. 42 ಕೇಂದ್ರಕ್ಕೆ ಅದರಾಚೆ ಹೋಗೋದು ಬೇಡ.

ಸಮುದ್ರದ ಮೇಲೆ ಒಂದೊಂದು ಡಿಗ್ರಿಗೆ ಒಂದು ಬಿಂದು ಇಟ್ಟು, ಉಪಗ್ರಹಗಳಿಂದ ಕಟ್ಟಿದ ಹೊರಪದರದ ಎಲ್‌ಸಿಎಸ್-1 ಮಾದರಿಯ 14ರಿಂದ 185ನೇ ಡಿಗ್ರಿವರೆಗಿನ ಮೌಲ್ಯ ತುಂಬಿ, ನೆಲದ ಕೇಂದ್ರಗಳ ಎರಡು ಪಟ್ಟು ಸಿಗ್ಮಾ ಕೊಡಿ. ಜೊತೆಗೆ ಎನ್ ಹೆಚ್ಚಾದಷ್ಟೂ ಬಿಗಿಯಾಗೋ ಡ್ಯಾಂಪಿಂಗ್ (ಗುಣಾಂಕ ಬೆಳೆಯದಂತೆ ತಡೆ), ಎನ್(ಎನ್+1) ಅನುಪಾತದಲ್ಲಿ. ಡ್ಯಾಂಪಿಂಗ್ ಎಷ್ಟು ಅನ್ನೋದನ್ನ ಒಂದೊಂದು ಕೇಂದ್ರ ಬಿಟ್ಟು ಊಹಿಸಿ ನೋಡಿ ನಿರ್ಧರಿಸಿ. ಬಿಡುವಾಗ ಕೇಂದ್ರದ ಮೂರೂ ಘಟಕ ಒಟ್ಟಿಗೇ ಬಿಡಬೇಕು. ಬರೀ ಝಡ್ ಬಿಟ್ಟು ಎಕ್ಸ್ ವೈ ಇಟ್ಟರೆ ಪೊಟೆನ್ಷಿಯಲ್ ಅವೆರಡರಿಂದಲೇ ಝಡ್ ಹೇಳಿಬಿಡುತ್ತೆ, ನಿಮಗೆ ಸುಳ್ಳು ಧೈರ್ಯ ಬರುತ್ತೆ. ನಕ್ಷೆ ಅಚ್ಚಾಗುವಾಗ ಸಮುದ್ರದ ಭಾಗ ಮುಚ್ಚಿಬಿಡಿ, ಅದು ನಿಮ್ಮ ಫಲಿತಾಂಶ ಅಲ್ಲ, ಎಲ್‌ಸಿಎಸ್-1 ವಾಪಸ್ ಬಂದದ್ದು.

ಉಪಗ್ರಹದ ದತ್ತಾಂಶ ಸೇರಿಸಿದರೆ ಆಗುತ್ತಲ್ಲ ಅಂತ ಮುಂದಿನ ಪ್ರಶ್ನೆ ಬರುತ್ತೆ. ಕಾಂತಕ್ಷೇತ್ರ ಅಳೆಯೋ ಉಪಗ್ರಹ ಸ್ವಾರ್ಮ್ 450 ಕಿ.ಮೀ. ಎತ್ತರದಲ್ಲಿ ಹಾರ್ತಿದೆ ಅಂದ್ಕೊಳ್ಳಿ. ಎನ್=50ರ ಅಲೆ ನೆಲದಲ್ಲಿ 10 ನ್ಯಾನೋಟೆಸ್ಲಾ ಇದ್ದರೆ ಅಲ್ಲಿ 0.3, ಎನ್=95ಕ್ಕೆ 0.013. ಮೇಲಾಗಿ ಹೇನ್ಸ್ ಅವರ ಮೂಲ ಫಂಕ್ಷನ್‌ಗಳು ಎತ್ತರದ ಬದಲಾವಣೆಯನ್ನು ಸರಿಯಾಗಿ ಹಿಡಿಯಲ್ಲ. ಅದಕ್ಕೇ ಥೆಬೋ ಮತ್ತಿತರರು 2000ದ ದಶಕದಲ್ಲಿ ಪರಿಷ್ಕೃತ ರೂಪ ಕೊಟ್ಟರು: ಕ್ಯಾಪನ್ನು ಮೇಲೆ ಕೆಳಗೆ ಮುಚ್ಚಿದ ಶಂಕುವಾಗಿ ನೋಡಿ, ಪಕ್ಕದ ಗೋಡೆಗೆ ಮೆಹ್ಲರ್ ಫಂಕ್ಷನ್ ಸೇರಿಸೋದು. ನೆಲ ಮತ್ತು ಉಪಗ್ರಹ ಎರಡೂ ಬೇಕಾದರೆ ಅದೇ ದಾರಿ, ಗುಣಾಂಕಗಳೂ ಅಷ್ಟೇ ಜಾಸ್ತಿ.

ಕಾಂತಮುಳ್ಳು

ಗೋಳಪಟ್ಟಿ ಸರ್ ಹೇಳಿದ್ದೇ ಸರಿ, ಐಟೈಪ್ 2 ಇತ್ತು. ಅಳತೆ ತಿರುಗಿಸಿದ ಮೇಲೆ ಝಡ್ ಟ್ರೆಂಡ್ ಮಾಯ. ತ್ರಿಜ್ಯ ಸರಿಯಾಗೇ ಇತ್ತು, ಬೇರುಗಳೂ ತಾಳೆಯಾದವು. 8 ಡಿಗ್ರಿ, ಕೆ=5, ಸಮುದ್ರದ ಬಿಂದು, ಡ್ಯಾಂಪಿಂಗ್ ಹಾಕಿದ ಮೇಲೆ ಸಮುದ್ರದಲ್ಲಿ ±150 ಒಳಗೆ ಬಂತು. ಆರ್‌ಎಂಎಸ್ ಈಗ 70, ಕೇಂದ್ರ ಬಿಟ್ಟು ನೋಡಿದರೆ 85. ನೋಡೋಕೆ ಬೇಜಾರು, ಆದರೆ ಅರ್ಥ ಆಯ್ತು.

ಉಳಿದದ್ದು ಎರಡು. ಮದುರೈಯಿಂದ ಕೆಳಗಿನ ಆರು ಕೇಂದ್ರಗಳಲ್ಲಿ ಎಕ್ಸ್ ಉಳಿಕೆ +40ರಿಂದ +80, ಎಲ್ಲ ಒಂದೇ ಕಡೆಗೆ. ಅವೆಲ್ಲ ಹಗಲಿನ ಅಳತೆ, ಹೈದರಾಬಾದ್ ವೀಕ್ಷಣಾಲಯದ ವ್ಯತ್ಯಾಸ ಬಳಸಿ 2020.0ಕ್ಕೆ ತಂದದ್ದು. ಎರಡನೆಯದು, ಚಿತ್ರದುರ್ಗದ ಕಡೆಯ ಒಂದು ಕೇಂದ್ರದಲ್ಲಿ ವೈ −600.

ರಾತ್ರಿಪಾಳಿ

ಮದುರೈ ಕೆಳಗೆ ಹಗಲಲ್ಲಿ ಅಳೆದು ಹೈದರಾಬಾದಿನಿಂದ ತಿದ್ದಿದರೆ ಇದೇ ಆಗೋದು. ಡಿಪ್ ಈಕ್ವೇಟರ್ (ಕ್ಷೇತ್ರ ಪೂರ್ತಿ ಅಡ್ಡವಾಗಿರೋ ರೇಖೆ) ಪರ್ಯಾಯ ದ್ವೀಪದ ತುದಿಯಲ್ಲೇ ಹಾದು ಹೋಗುತ್ತೆ. 1963ರಲ್ಲಿ ತಿರುವನಂತಪುರದ ತುಂಬಾದಲ್ಲಿ ರಾಕೆಟ್ ಉಡಾವಣಾ ಕೇಂದ್ರ ಮಾಡಿದ್ದೂ ಆ ಕಾರಣಕ್ಕೇ. ಅದರ ಎರಡೂ ಪಕ್ಕ ಸುಮಾರು 3 ಡಿಗ್ರಿ ಪಟ್ಟಿಯಲ್ಲಿ, 105 ಕಿ.ಮೀ. ಎತ್ತರದಲ್ಲಿ, ಹಗಲು ಹೊತ್ತು ಪೂರ್ವಕ್ಕೆ ಹರಿಯೋ ಎಲೆಕ್ಟ್ರೋಜೆಟ್ ಅನ್ನೋ ವಿದ್ಯುತ್ ಪ್ರವಾಹ ಇದೆ. ಮಧ್ಯಾಹ್ನ ತಿರುನೆಲ್ವೇಲಿಯ ಸಮತಲ ಘಟಕ ಮುಂಬೈ ಬಳಿಯ ಅಲಿಬಾಗಿಗಿಂತ 50–100 ನ್ಯಾನೋಟೆಸ್ಲಾ ಹೆಚ್ಚು ಏರುತ್ತೆ. ಜೆಟ್ಟಿನ ಬಲ ಅಳೆಯೋದೇ ಆ ಎರಡು ವೀಕ್ಷಣಾಲಯಗಳ ವ್ಯತ್ಯಾಸದಿಂದ. ಹೈದರಾಬಾದ್ ಆ ಪಟ್ಟಿಯ ಹೊರಗಿದೆ, ಅದಕ್ಕೆ ಜೆಟ್ ಕಾಣಿಸಲ್ಲ. ಕಾಣಿಸದ್ದನ್ನ ಅದು ಕಳೆಯೋದು ಹೇಗೆ? ನಿಮ್ಮ +40ರಿಂದ +80 ಅದೇ. ಕೆಲವು ದಿನ ಬೆಳಿಗ್ಗೆ ಅಥವಾ ಸಂಜೆ ಜೆಟ್ ತಿರುಗುಮುರುಗಾಗಿ ಪಶ್ಚಿಮಕ್ಕೂ ಹರಿಯುತ್ತೆ, ಆಗ ಚಿಹ್ನೆಯೂ ಉಲ್ಟಾ. ಒಂದು ಸ್ಥಿರಾಂಕ ಕಳೆದು ಕೈ ತೊಳ್ಕೊಳ್ಳೋಕೆ ಬರಲ್ಲ.

ಹೊಸದಾಗಿ ಅಳೆಯೋ ಅವಕಾಶ ಇದ್ದರೆ ಕೇಂದ್ರದಲ್ಲೇ ಮೂರು ಘಟಕದ ಫ್ಲಕ್ಸ್‌ಗೇಟ್ ವೇರಿಯೋಮೀಟರ್ (ಏರಿಳಿತ ದಾಖಲಿಸೋ ಯಂತ್ರ) ಎರಡು ಮೂರು ರಾತ್ರಿ ಓಡಿಸಿ. ಸೆನ್ಸರ್ ನೆಲದಲ್ಲಿ ಹೂತು ಮುಚ್ಚಿರಬೇಕು. ಬಿಸಿಲು ಬಿದ್ದರೆ ಬೇಸ್‌ಲೈನ್ ತೇಲುತ್ತೆ. ಬೆಳಿಗ್ಗೆ ಸಂಜೆ ಡಿಐ-ಫ್ಲಕ್ಸ್‌ನಿಂದ ಬೇಸ್‌ಲೈನ್ ಹಿಡಿದು, ಕೆಪಿ (ಕಾಂತೀಯ ಕಲಕಾಟದ ಸೂಚ್ಯಂಕ) 2 ಅಥವಾ ಕಡಿಮೆ ಇದ್ದ ರಾತ್ರಿ 12ರಿಂದ 3ರ ಸರಾಸರಿ ತಗೊಳ್ಳಿ. ಆ ರಾತ್ರಿ ಮೌಲ್ಯಕ್ಕೆ ಮಾತ್ರ ವೀಕ್ಷಣಾಲಯದ ವ್ಯತ್ಯಾಸ ಸೇರಿಸಿ 2020.0ಕ್ಕೆ ತನ್ನಿ. ಹಳೇ ಹಗಲಿನ ಅಳತೆಯೇ ಗತಿ ಅಂತಾದರೆ ಆ ಆರಕ್ಕೆ ತಿರುನೆಲ್ವೇಲಿಯ ನಿಮಿಷದ ದತ್ತಾಂಶ ಬಳಸಿ, ಆಗಲೂ ಡಿಪ್ ಈಕ್ವೇಟರಿನಿಂದ ದೂರ ಹೋದಂತೆ ಜೆಟ್ ಕುಗ್ಗೋದರಿಂದ ಎಕ್ಸ್ ಸಿಗ್ಮಾ ಏರಿಸಿ.

ಸಮಯವನ್ನೂ ಒಮ್ಮೆ ನೋಡಿ. ವೀಕ್ಷಣಾಲಯದ ಕಡತ ಯುಟಿ (ಜಾಗತಿಕ) ಸಮಯದಲ್ಲಿರುತ್ತೆ, ಫೀಲ್ಡ್ ಪುಸ್ತಕದಲ್ಲಿ ಐಎಸ್‌ಟಿ ಬರೆದಿರ್ತಾರೆ. ನಮ್ಮ ನಡುರಾತ್ರಿ 12 ಅಂದರೆ ಹಿಂದಿನ ದಿನದ 18:30 ಯುಟಿ, ತಾರೀಕು ಸಮೇತ ಬದಲು. ಐದೂವರೆ ಗಂಟೆ ಸರಿದರೆ ಬೆಳಗಿನ ಅಳತೆಗೆ ಮಧ್ಯಾಹ್ನದ ತಿದ್ದುಪಡಿ ಬಿದ್ದಿರುತ್ತೆ.

ರಾಮೇಶ್ವರ, ಕನ್ಯಾಕುಮಾರಿ ಕಡೆಯ ಝಡ್ ಬಗ್ಗೆ ಪ್ರತ್ಯೇಕ ಎಚ್ಚರ. ಭಾರತ–ಶ್ರೀಲಂಕಾ ನಡುವಿನ ವಾಹಕ ಪಟ್ಟಿಯಲ್ಲಿ ಪ್ರೇರಿತ ಪ್ರವಾಹ ಒಟ್ಟುಗೂಡೋದರಿಂದ ಅಲ್ಲಿಯ ಝಡ್ ಏರಿಳಿತ ಒಳನಾಡಿನ ಹಾಗಿರಲ್ಲ. ಕಾಂತೀಯ ಬಿರುಗಾಳಿಯ ದಿನದ ಝಡ್ ಅಲ್ಲಿ ಬಿಟ್ಟೇಬಿಡಿ.

ಚಿತ್ರದುರ್ಗದ್ದು ಡೈಕ್ ಸಾಲು ಅವರಿಗೇ ಬಿಟ್ಟೆ, ಹೆಸರಲ್ಲೇ ಇದೆ.

ಡೈಕ್ ಸಾಲು

ವೈ ಒಂದರಲ್ಲೇ −600 ಅಂದರೆ ಮೊದಲ ಅನುಮಾನ ಬಂಡೆ ಮೇಲಲ್ಲ, ಅಝಿಮತ್ (ಗುರುತಿನ ಕಡೆಯ ನಿಜ ದಿಕ್ಕು) ಮೇಲೆ. ಇಲ್ಲಿ ಡಿಕ್ಲಿನೇಶನ್ನಿನ ಒಂದು ಮಿನಿಟ್ ಅಂದರೆ ವೈನಲ್ಲಿ 11.6 ನ್ಯಾನೋಟೆಸ್ಲಾ. 600 ಅಂದರೆ 52 ಮಿನಿಟ್. ಗುರುತಿನ ದಿಕ್ಕು ಬರೆಯುವಾಗ ಡಿಗ್ರಿ ಅಂಕಿ ಒಂದು ತಪ್ಪಾಗಿದ್ದರೆ ಸುಮಾರು 700 ಬರುತ್ತೆ. ಮಿಕ್ಕ ನೂರು ಹೊರಪದರದ್ದಿರಬಹುದು, ಲೆಕ್ಕ ಕೂಡುತ್ತೆ. ಜಿಪಿಎಸ್ ಬೇಸ್‌ಲೈನ್‌ನಿಂದ ದಿಕ್ಕು ತೆಗೆದಿದ್ದರೆ ಅದರ ದೋಷ ಇಷ್ಟಾಗಲ್ಲ: 100 ಮೀಟರಿಗೆ ಅಡ್ಡಲಾಗಿ 1 ಸೆಂ.ಮೀ. ತಪ್ಪಿದರೂ 20 ಸೆಕೆಂಡು, ಅಂದರೆ 4 ನ್ಯಾನೋಟೆಸ್ಲಾ. ಸೂರ್ಯನಿಂದ ತೆಗೆದಿದ್ದರೆ ಗಡಿಯಾರ ನೋಡಿ.

ಅಝಿಮತ್ ಸರಿಯಿದ್ದರೆ ಆಗ ಬಂಡೆ. ಕಂಬದ ಸುತ್ತ 100 × 100 ಮೀಟರ್ ಜಾಗದಲ್ಲಿ 10 ಮೀಟರಿಗೊಂದು ಪ್ರೋಟಾನ್ ರೀಡಿಂಗ್ ತಗೊಂಡ ಹಾಳೆ ಇದೆಯಾ? ಕಂಬದ ಹತ್ತಿರ ಮೀಟರಿಗೆ 1–2 ನ್ಯಾನೋಟೆಸ್ಲಾಗಿಂತ ಜಾಸ್ತಿ ಬದಲಾದರೆ ಆ ಕೇಂದ್ರ ತೆಗೆದುಹಾಕಿ. ಡೊಲೆರೈಟ್ ಡೈಕ್ (ಬಿರುಕಿಗೆ ನುಗ್ಗಿ ಗಟ್ಟಿಯಾದ ಕಪ್ಪು ಶಿಲೆಯ ಗೋಡೆ) ಮಣ್ಣಿನಡಿ ಅಡಗಿ ಕೂತಿರುತ್ತೆ, ಮೇಲೆ ದುಂಡುಕಲ್ಲಿನ ಸಾಲು ಬಿಟ್ಟರೆ ಏನೂ ಕಾಣಲ್ಲ. ಗುಡ್ಡದ ನೆತ್ತಿಯ ಮೇಲೆ ಕಂಬ ಇದ್ದರೆ ಸಿಡಿಲು ಬಡಿದು ಕಾಂತೀಯವಾದ ಬಂಡೆಯೂ ಇರಬಹುದು. ಬೆಂಗಳೂರಿನೊಳಗೆ ಯಾವುದಾದರೂ ಕೇಂದ್ರ ಇದ್ದರೆ ಅದನ್ನೂ ಅನುಮಾನಿಸಿ, ಮೆಟ್ರೋ ಓಡೋದು 750 ವೋಲ್ಟ್ ಡಿಸಿಯಲ್ಲಿ. ಮುಂಬೈಗೆ ವಿದ್ಯುತ್ ಟ್ರಾಮ್ ಬರುತ್ತೆ ಅಂತಾದಾಗ ಕೊಲಾಬಾದ ವೀಕ್ಷಣಾಲಯವನ್ನೇ ಅಲಿಬಾಗಿಗೆ ಎತ್ತಿಕೊಂಡು ಹೋಗಿದ್ದರು, ಅದು 1904ರ ಮಾತು.

ಸರಳರೇಖೆ

ತಡವಾಗಿ ಬಂದೆ. ಯಾರೂ ಕೇಳದ ಪ್ರಶ್ನೆ: ಇದಕ್ಕೆ ಕ್ಯಾಪ್ ಹಾರ್ಮೋನಿಕ್ ಬೇಕಾ?

ಎಲ್‌ಸಿಎಸ್-1ರ 185ನೇ ಡಿಗ್ರಿ ಅಂದರೆ 216 ಕಿ.ಮೀ. ಅಲೆಯುದ್ದ. ನಿಮ್ಮ ಕೆ=5 ಮಾದರಿಯದ್ದು 650. ಸಮುದ್ರಕ್ಕೆ ತುಂಬಿದ ಮಾದರಿಯೇ ನೀವು ಕಟ್ಟಿದ್ದಕ್ಕಿಂತ ಮೂರು ಪಟ್ಟು ಸೂಕ್ಷ್ಮ! ಹೊರಪದರದ ನಕ್ಷೆಗೆ 42 ಕೇಂದ್ರ ಸಾಲದು, ಅದಕ್ಕೆ ವೈಮಾನಿಕ ಸಮೀಕ್ಷೆಯ ಗ್ರಿಡ್ ಬೇಕು. ಕೇಂದ್ರಗಳ ಬೆಲೆ ಇರೋದು ಬೇರೆ ಕಡೆ: ಅವು ಪೂರ್ಣ ವೆಕ್ಟರ್ ಕೊಡ್ತವೆ, ಅದೇ ಕಂಬಕ್ಕೆ ಮತ್ತೆ ಹೋದಾಗ ಬದಲಾವಣೆ ಕೊಡ್ತವೆ.

ಡಿಕ್ಲಿನೇಶನ್ ನಕ್ಷೆಗೆ ನನ್ನ ದಾರಿ ಇದು. 2020.0ಕ್ಕೆ ಕೇಯಾಸ್-7 ಜಾಗತಿಕ ಮಾದರಿಯ ಗರ್ಭದ ಭಾಗ 13ನೇ ಡಿಗ್ರಿವರೆಗೆ, ಅದರ ಮೇಲೆ ಎಲ್‌ಸಿಎಸ್-1ರ 14ರಿಂದ 185. ಇವೆರಡನ್ನೂ ಪ್ರತಿ ಕೇಂದ್ರದಲ್ಲಿ ಕಳೆದು, ಮಿಕ್ಕಿದ್ದಕ್ಕೆ ಅಕ್ಷಾಂಶ ರೇಖಾಂಶಗಳ ಎರಡನೇ ಘಾತದ ಬಹುಪದ, ಘಟಕಕ್ಕೆ ಆರು ಗುಣಾಂಕ. ಅದೂ ಹ್ಯೂಬರ್ ತೂಕದೊಂದಿಗೆ. ಬಹುಪದ ಲಾಪ್ಲಾಸ್ ಸಮೀಕರಣ (ಮೂಲವಿಲ್ಲದ ಜಾಗದಲ್ಲಿ ಕ್ಷೇತ್ರದ ನಿಯಮ) ಪಾಲಿಸಲ್ಲ, ಒಪ್ತೀನಿ, ಎತ್ತರಕ್ಕೆ ಒಯ್ಯೋಕೂ ಆಗಲ್ಲ. ನೆಲಮಟ್ಟದ ನಕ್ಷೆಗೆ ಅದರಿಂದ ನಷ್ಟವಿಲ್ಲ. ಬಹುಪದ ಹಾಕೋದು ಎಕ್ಸ್, ವೈ, ಝಡ್‌ಗೆ. ಡಿಕ್ಲಿನೇಶನ್ ಕೊನೆಯಲ್ಲಿ ಲೆಕ್ಕ ಹಾಕಿ. ಡಿಕ್ಲಿನೇಶನ್ (ಡಿ), ಇನ್‌ಕ್ಲಿನೇಶನ್ (ಐ), ಒಟ್ಟು ಕ್ಷೇತ್ರ ಎಫ್‌ಗೆ ಬೇರೆ ಬೇರೆ ಹಾಕಿದರೆ ಮೂರೂ ಒಂದಕ್ಕೊಂದು ಹೊಂದಲ್ಲ.

ಡೈಕ್ ಸಾಲು

ನೆಲಮಟ್ಟದ ಡಿಕ್ಲಿನೇಶನ್‌ಗೆ ಒಪ್ಪಿದೆ. ಆದರೆ ಮುಂದೆ ವೈಮಾನಿಕ ಗ್ರಿಡ್ ಸಿಕ್ಕರೆ ಅದರ ಹಾರಾಟದ ಎತ್ತರಕ್ಕೂ ನೆಲಕ್ಕೂ ತಾಳೆ ಹಾಕೋಕೆ ಬಹುಪದ ಬರಲ್ಲ. ಕೋಡ್ ಎಸೀಬೇಡಿ.

ಕಾಂತಮುಳ್ಳು

ಫೀಲ್ಡ್ ಪುಸ್ತಕ ತೆಗೆದು ನೋಡಿದೆ. ಚಿತ್ರದುರ್ಗದ ಗುರುತಿನ ಅಝಿಮತ್ 213 ಡಿಗ್ರಿ, ಕಂಪ್ಯೂಟರಿಗೆ ಹೋಗಿದ್ದು 212. ತಿದ್ದಿದ ಮೇಲೆ ವೈ ಉಳಿಕೆ +100ರ ಹತ್ತಿರ. ಗ್ರೇಡಿಯಂಟ್ ಹಾಳೆಯಲ್ಲಿ ಕಂಬದ ಹತ್ತಿರ ಮೀಟರಿಗೆ 1ಕ್ಕಿಂತ ಕಡಿಮೆ, ಹಾಗಾಗಿ ಕೇಂದ್ರ ಉಳಿಸಿಕೊಂಡೆ. ದಕ್ಷಿಣದ ಆರಕ್ಕೆ ತಿರುನೆಲ್ವೇಲಿ ದತ್ತಾಂಶ ಹಾಕಿದೆ, ಐದರಲ್ಲಿ ಎಕ್ಸ್ 20ರ ಒಳಗೆ ಬಂತು, ರಾಮನಾಥಪುರದ್ದು ಮಾತ್ರ ಇನ್ನೂ 45.

ಡಿಕ್ಲಿನೇಶನ್ ಸರಳರೇಖೆ ಅವರ ದಾರಿಯಲ್ಲೇ ಮಾಡ್ತೇನೆ. ನಕ್ಷೆಯ ಮೇಲೆ ಅನಿಶ್ಚಿತತೆ ಎಷ್ಟು ಅಂತ ಬರೆಯಲಿ?

ಸರಳರೇಖೆ

ಕೇಂದ್ರ ಬಿಟ್ಟು ಊಹಿಸಿದ ವೈ ದೋಷವನ್ನು 11.6ರಿಂದ ಭಾಗಿಸಿ, ಮಿನಿಟ್‌ನಲ್ಲಿ ಬರೆಯಿರಿ. 70 ನ್ಯಾನೋಟೆಸ್ಲಾ ಬಂದರೆ 6 ಮಿನಿಟ್. ಉಪಕರಣದ ಅರ್ಧ ಮಿನಿಟ್ ಬರೀಬೇಡಿ. ಸಂಡೂರು, ಬಾಬಾಬುಡನ್, ಕುದುರೆಮುಖದ ಮೇಲೆ ಗೆರೆ ಹಾಕಿ ‘ಇಲ್ಲಿ ದಿಕ್ಸೂಚಿ ನಂಬಬೇಡಿ’ ಅಂತ ಬೇರೆಯಾಗಿ ನಮೂದಿಸಿ.